ರೈತರ ವಾಹನಗಳಲ್ಲಿ ಶಾಕ್ ಅಬ್ಸಾರ್ಬರ್: ಸವೆತ ಗುರುತಿಸುವುದು ಹೇಗೆ? ಬದಲಿಸುವುದು ಹೇಗೆ?

ಬೆಳೆಯನ್ನು ಚೆನ್ನಾಗಿ ಬೆಳೆಯುವುದು ಎಷ್ಟು ಮುಖ್ಯವೋ, ಬೆಳೆದ ಮಾಲನ್ನು ಕೆಡದಂತೆ ಪೇಟೆಗೆ ಮುಟ್ಟಿಸುವುದೂ ಅಷ್ಟೇ ಮುಖ್ಯ. ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳಲ್ಲಿ ಹಿಂದೆ ಈ ಕೆಲಸವೆಲ್ಲ ಎತ್ತಿನ ಗಾಡಿಯದಾಗಿತ್ತು. ಇಂದು ಬಾಳೆಗೊನೆ, ಟೊಮೇಟೊ, ಅರಿಸಿನ, ರೇಷ್ಮೆಗೂಡು ಎಲ್ಲವೂ ಸಣ್ಣ ಸರಕು ವಾಹನಗಳಲ್ಲಿ ಹೋಗುತ್ತವೆ. ಅನೇಕರ ಮನೆಯ ಮುಂದೆ ಕಾರು, ವ್ಯಾನು ಅಥವಾ ಹಳೆಯ ಜೀಪು ನಿಂತಿರುವುದನ್ನು ಕಾಣುತ್ತೇವೆ. ಎತ್ತು ಕುಂಟಿದರೆ ಅದೇ ದಿನ ಗೊರಸು ನೋಡುವ ನಾವು, ವಾಹನ ಕುಂಟುವುದನ್ನು ಮಾತ್ರ ವರ್ಷಗಟ್ಟಲೆ ಗಮನಿಸುವುದಿಲ್ಲ.

ಈ ಲೇಖಕ ಬೇಸಾಯಶಾಸ್ತ್ರದವನೇ ಹೊರತು ಯಂತ್ರಶಾಸ್ತ್ರದವನಲ್ಲ. ಆದರೂ ಈ ವಿಷಯ ಬರೆಯಲು ಒಂದು ಕಾರಣವುಂಟು. ಕೆಲವು ವರ್ಷಗಳ ಹಿಂದೆ ಹನೂರಿನ ಕಡೆ ಹುರುಳಿ ಬೆಳೆಯ ತಾಕುಗಳನ್ನು ನೋಡಿಕೊಂಡು ಸಂಜೆ ನನ್ನ ಹಳೆಯ ಕಾರಿನಲ್ಲಿ ಕೊಳ್ಳೇಗಾಲಕ್ಕೆ ಮರಳುತ್ತಿದ್ದೆ. ಸುಗ್ಗಿಯ ಕಾಲ. ಒಂದು ತಿರುವು ಕಳೆದೊಡನೆ ರಸ್ತೆಯ ಮೇಲೆ ಹುರುಳಿ ಹರಡಿತ್ತು. ವಯಸ್ಸಾದ ಹೆಂಗಸೊಬ್ಬರು ಬೆನ್ನು ತಿರುಗಿಸಿ ಅದನ್ನು ಮಗುಚುತ್ತಿದ್ದರು. ಬ್ರೇಕನ್ನು ಪೂರ್ತಿ ಒತ್ತಿದೆ. ಕಾರಿನ ಮೂತಿ ನೆಲ ಮುಟ್ಟುವಂತೆ ತಗ್ಗಿತು, ಚಕ್ರಗಳು ಕುಪ್ಪಳಿಸಿದವು, ನಿಲ್ಲಬೇಕಾದ ಜಾಗದಲ್ಲಿ ಕಾರು ನಿಲ್ಲಲಿಲ್ಲ. ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ್ದರಿಂದ ಕಾರು ರಸ್ತೆಬದಿಯ ಮಣ್ಣಿಗಿಳಿದು ನಿಂತಿತು. ಆ ತಾಯಿಗೆ ಏನೂ ಆಗಲಿಲ್ಲ. ನನಗೆ ಮಾತ್ರ ಬಹಳ ಹೊತ್ತು ಕೈ ನಡುಗುತ್ತಿತ್ತು.

ಬ್ರೇಕು ಕೆಟ್ಟಿದೆಯೆಂದು ತಿಳಿದು ಮರುದಿನ ಕೊಳ್ಳೇಗಾಲದ ಮೆಕ್ಯಾನಿಕ್ ಒಬ್ಬರ ಬಳಿ ಹೋದೆ. ಅವರು ಮೊದಲು ಟೈರಿನ ಮೇಲೆ ಅಂಗೈ ಆಡಿಸಿದರು. ಅದಕ್ಕೆ ಎಂಟು ತಿಂಗಳ ಹಿಂದೆಯಷ್ಟೇ ಬೇರೊಂದು ಊರಿನ ಅಂಗಡಿಯವರು ಟೈರು ಸವೆದಿದೆಯೆಂದು ಎರಡು ಹೊಸ ಟೈರು ಹಾಕಿದ್ದರು. ಅವೂ ಅಲ್ಲಲ್ಲಿ ಹಳ್ಳಬಿದ್ದು ಸವೆದಿದ್ದವು. "ಟೈರ್ ಏನ್ ಮಾಡುದ್ದು ಸಾ, ಶಾಕು ಸತ್ತೋಗದ" ಎಂದರು ಅವರು. ಬ್ರೇಕು ಸರಿಯಾಗಿಯೇ ಇತ್ತು. ಚಕ್ರವನ್ನು ನೆಲಕ್ಕೆ ಹಿಡಿದಿಡುವ ಸಾಧನ ಸತ್ತಿತ್ತು. ಚಕ್ರ ನೆಲವನ್ನೇ ಮುಟ್ಟದಿದ್ದರೆ ಬ್ರೇಕು ಹಿಡಿದು ಏನು ಪ್ರಯೋಜನ?

ಅಂದಿನಿಂದ ರೈತರ ಊರುಗಳಿಗೆ ಹೋದಾಗ ಅವರ ವಾಹನಗಳ ಕೆಳಗೂ ಒಮ್ಮೆ ಬಗ್ಗಿ ನೋಡುವ ಅಭ್ಯಾಸ ಬಂದಿದೆ. ಹೀಗೆ ನೋಡಿ ತಿಳಿದದ್ದನ್ನು, ಕೆಲಸ ಬಲ್ಲ ಮೆಕ್ಯಾನಿಕ್‌ಗಳಿಂದ ಕೇಳಿ ಕಲಿತದ್ದನ್ನು ಇಲ್ಲಿ ತಿಳಿಸಲಾಗಿದೆ.

ಸ್ಪ್ರಿಂಗು ಬೇರೆ, ಶಾಕ್ ಬೇರೆ

ವಾಹನದ ಭಾರವನ್ನು ಶಾಕ್ ಅಬ್ಸಾರ್ಬರ್ ಹೊರುತ್ತದೆಂಬುದು ಬಹುಮಂದಿಯ ತಪ್ಪು ತಿಳಿವಳಿಕೆ. ಭಾರ ಹೊರುವುದು ಸ್ಪ್ರಿಂಗು. ಸರಕು ವಾಹನಗಳಲ್ಲಿ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪ್ಲೇಟುಗಳ ಸ್ಪ್ರಿಂಗು ಇರುತ್ತದೆ. ಕಾರುಗಳಲ್ಲಿ ಹೆಚ್ಚಾಗಿ ಸುರುಳಿ ಸ್ಪ್ರಿಂಗು ಇರುತ್ತದೆ. ಗುಂಡಿಗೆ ಚಕ್ರ ಬಿದ್ದಾಗ ಸ್ಪ್ರಿಂಗು ಅದುಮಿ ಪೆಟ್ಟನ್ನು ನುಂಗುತ್ತದೆ. ಆದರೆ ಅದುಮಿದ ಸ್ಪ್ರಿಂಗು ಸುಮ್ಮನಿರುವುದಿಲ್ಲ. ನುಂಗಿದ ಬಲವನ್ನೆಲ್ಲ ಹಿಂದಕ್ಕೆ ಕೊಡುತ್ತದೆ. ತಡೆಯುವವರಿಲ್ಲದಿದ್ದರೆ ವಾಹನ ತೊಟ್ಟಿಲಿನಂತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ.

ಈ ಕುಣಿತವನ್ನು ತಡೆಯುವುದೇ ಶಾಕ್ ಅಬ್ಸಾರ್ಬರಿನ ಕೆಲಸ. ಅದೊಂದು ಮುಚ್ಚಿದ ಕೊಳವೆ. ಒಳಗೆ ಎಣ್ಣೆ, ಎಣ್ಣೆಯಲ್ಲಿ ಒಂದು ಪಿಸ್ಟನ್, ಪಿಸ್ಟನ್‌ನಲ್ಲಿ ಸಣ್ಣ ರಂಧ್ರಗಳು ಮತ್ತು ಕವಾಟಗಳಿರುತ್ತವೆ. ಚಕ್ರ ಮೇಲೆ ಕೆಳಗೆ ಆಡಿದಾಗ ಪಿಸ್ಟನ್ನೂ ಆಡುತ್ತದೆ. ಎಣ್ಣೆ ಆ ಸಣ್ಣ ರಂಧ್ರಗಳ ಮೂಲಕ ಬಲವಂತವಾಗಿ ನುಗ್ಗಬೇಕಾಗುತ್ತದೆ. ಕುಣಿತದ ಶಕ್ತಿ ಹೀಗೆ ಶಾಖವಾಗಿ ಮಾರ್ಪಟ್ಟು ಗಾಳಿಗೆ ಹೋಗುತ್ತದೆ. ಪೀಚಾಂಕೊಳವೆಯಲ್ಲಿ ನೀರು ತುಂಬಿ ಜೋರಾಗಿ ಒತ್ತಿದವರಿಗೆ ಈ ತಡೆ ಎಂಥದೆಂಬುದು ಗೊತ್ತೇ ಇದೆ.

ಎತ್ತಿನ ಹೋಲಿಕೆ ಕೊಡುವುದಾದರೆ ಸ್ಪ್ರಿಂಗು ಎತ್ತಿನ ಹೆಗಲು, ಶಾಕ್ ಅಬ್ಸಾರ್ಬರ್ ಮೂಗುದಾರ. ಭಾರ ಎಳೆಯುವುದು ಹೆಗಲು; ಹತೋಟಿಯಲ್ಲಿಡುವುದು ಮೂಗುದಾರ. ಮೂಗುದಾರ ಹರಿದರೂ ಎತ್ತು ಗಾಡಿ ಎಳೆಯುತ್ತದೆ. ಹಾಗೆಯೇ ಶಾಕ್ ಸತ್ತರೂ ವಾಹನ ಮಾಲು ಹೊತ್ತು ಓಡುತ್ತಲೇ ಇರುತ್ತದೆ. ಎಂಜಿನ್ ಕೆಟ್ಟರೆ ವಾಹನ ನಿಲ್ಲುತ್ತದೆ, ನಾವು ದುರಸ್ತಿ ಮಾಡಿಸುತ್ತೇವೆ. ಶಾಕ್ ಕೆಟ್ಟರೆ ವಾಹನ ನಿಲ್ಲುವುದಿಲ್ಲ. ಆದುದರಿಂದಲೇ ನಾವು ಮೋಸಹೋಗುತ್ತೇವೆ.

ಸ್ಟ್ರಟ್ ಎಂದರೇನು?

ಅನೇಕ ಕಾರುಗಳ ಮುಂಭಾಗದಲ್ಲಿ ಶಾಕ್ ಅಬ್ಸಾರ್ಬರು ಮತ್ತು ಸುರುಳಿ ಸ್ಪ್ರಿಂಗನ್ನು ಒಂದೇ ಕಂಬದಂತೆ ಜೋಡಿಸಲಾಗಿರುತ್ತದೆ. ಇದಕ್ಕೆ ಸ್ಟ್ರಟ್ ಎಂದು ಹೆಸರು. ಅಮೆರಿಕದ ಎಂಜಿನಿಯರ್ ಅರ್ಲ್ ಮ್ಯಾಕ್‌ಫರ್ಸನ್ 1940ರ ದಶಕದ ಕೊನೆಯಲ್ಲಿ ರೂಪಿಸಿದ ವ್ಯವಸ್ಥೆಯಿದು. 1983ರ ಡಿಸೆಂಬರಿನಲ್ಲಿ ನಮ್ಮ ದೇಶದ ರಸ್ತೆಗಿಳಿದ ಮಾರುತಿ 800 ಕಾರಿನ ಮುಂಭಾಗದಲ್ಲಿಯೂ ಇದೇ ಇತ್ತು. ಮಾರುತಿ ಓಮ್ನಿ ವ್ಯಾನಿನಲ್ಲಿ ಮುಂದೆ ಸ್ಟ್ರಟ್, ಹಿಂದೆ ಪ್ಲೇಟು ಸ್ಪ್ರಿಂಗು ಮತ್ತು ಬೇರೆಯಾದ ಶಾಕ್ ಇರುವುದನ್ನು ಕಾಣಬಹುದು.

ಸ್ಟ್ರಟ್ ಕುಣಿತ ತಡೆಯುವುದರ ಜೊತೆಗೆ ಚಕ್ರವನ್ನು ನೇರವಾಗಿ ನಿಲ್ಲಿಸುವ ಕೆಲಸವನ್ನೂ ಮಾಡುತ್ತದೆ. ಆದುದರಿಂದ ಸ್ಟ್ರಟ್ ಸವೆದರೆ ಅಥವಾ ಬಾಗಿದರೆ ಚಕ್ರದ ನಿಲುವೇ ಕೆಡುತ್ತದೆ. ಸಾಮಾನ್ಯ ಶಾಕ್ ಬದಲಿಸುವುದು ಸುಲಭ. ಸ್ಟ್ರಟ್ ಬದಲಿಸುವುದು ಜಾಣ ಕೈಗಳ ಕೆಲಸ. ಈ ವ್ಯತ್ಯಾಸವನ್ನು ಮುಂದೆ ವಿವರಿಸಲಾಗಿದೆ.

ಸತ್ತ ಶಾಕಿನಿಂದ ರೈತನಿಗಾಗುವ ನಷ್ಟ

1. ಮಾಲಿನ ನಷ್ಟ: ಬಾಳೆಗೊನೆಗಳು ಒಂದಕ್ಕೊಂದು ಉಜ್ಜಿದರೆ ಸಿಪ್ಪೆ ಗಾಯಗೊಂಡು, ಹಣ್ಣಾಗುವಾಗ ಅಲ್ಲೆಲ್ಲ ಕಪ್ಪಾಗುತ್ತದೆ. ತೋಟದಲ್ಲಿ ಕಡಿದಾಗ ಕಾಣದ ಈ ಗಾಯ ಮಂಡಿಯಲ್ಲಿ ಕಾಣುತ್ತದೆ, ಬೆಲೆ ಇಳಿಯುತ್ತದೆ. ಟೊಮೇಟೊದಲ್ಲಿ ಮೇಲಿನ ಸಾಲಿನ ಹಣ್ಣುಗಳೂ, ಹಿಂದಿನ ಅಚ್ಚಿಗಿಂತ ಹಿಂದಕ್ಕೆ ಇಟ್ಟ ಕ್ರೇಟುಗಳೂ ಹೆಚ್ಚು ಕುಣಿಯುವುದರಿಂದ ಅವೇ ಮೊದಲು ಮೆತ್ತಗಾಗುತ್ತವೆ. ರೇಷ್ಮೆಗೂಡಿನ ಒಳಗೆ ಜೀವಂತ ಕೋಶವಿರುತ್ತದೆಂಬುದನ್ನು ಮರೆಯಬಾರದು. ಅಲುಗಾಟಕ್ಕೆ, ಒತ್ತಡಕ್ಕೆ ಅದು ಜಜ್ಜಿಹೋದರೆ ರಸ ಸೋರಿ ಗೂಡಿಗೆ ಒಳಗಿನಿಂದ ಕಲೆ ಬೀಳುತ್ತದೆ; ಅಂಥ ಗೂಡಿನಿಂದ ನೂಲು ಸರಿಯಾಗಿ ಬಿಚ್ಚಿಬರುವುದಿಲ್ಲ. ಒಂದು ತಿಂಗಳು ಹಗಲು ರಾತ್ರಿ ಸೊಪ್ಪು ಹಾಕಿ ಸಾಕಿದ ಬೆಳೆ ಕೊಳ್ಳೇಗಾಲದ ಗೂಡಿನ ಮಾರುಕಟ್ಟೆ ಮುಟ್ಟುವಷ್ಟರಲ್ಲಿ ದರ್ಜೆ ಕಳೆದುಕೊಳ್ಳುವುದು ಎಂಥ ಅನ್ಯಾಯ!

2. ಟೈರಿನ ನಷ್ಟ: ಶಾಕ್ ಸತ್ತ ಚಕ್ರ ರಸ್ತೆಯ ಮೇಲೆ ಉರುಳುವ ಬದಲು ಕುಪ್ಪಳಿಸುತ್ತದೆ. ಪ್ರತಿ ಬಾರಿ ನೆಲಕ್ಕೆ ಬಡಿದ ಜಾಗದಲ್ಲಿ ರಬ್ಬರು ಕಿತ್ತುಬರುತ್ತದೆ. ಟೈರು ಸುತ್ತಲೂ ಸಮನಾಗಿ ಸವೆಯದೆ ಅಲ್ಲಲ್ಲಿ ಹಳ್ಳ ದಿಣ್ಣೆಯಾಗುತ್ತದೆ.

3. ಪ್ರಾಣಕ್ಕೆ ಅಪಾಯ: ಇದು ಎಲ್ಲಕ್ಕಿಂತ ದೊಡ್ಡದು. ಹನೂರಿನಿಂದ ಕೌದಳ್ಳಿ ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ, ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಗಳು ನಮ್ಮವರಿಗೆ ಹೊಸವಲ್ಲ. ಅರಿಸಿನ ಹೊತ್ತು ಈರೋಡಿಗೆ ಹೋಗುವವರು ದಿಂಬಂ ಘಟ್ಟದ 27 ತಿರುವುಗಳನ್ನು ಇಳಿಯಬೇಕು. ತಿರುವಿನಲ್ಲಿ ವಾಹನ ಹೊರಕ್ಕೆ ವಾಲಿದಾಗ ಶಾಕ್ ಅದನ್ನು ತಡೆದು ಹಿಡಿಯಬೇಕು. ತಡೆಯದಿದ್ದರೆ ವಾಹನ ಒಮ್ಮೆ ಹೊರಕ್ಕೂ ಮರುಗಳಿಗೆ ಒಳಕ್ಕೂ ತೂಗಾಡುತ್ತದೆ. ಇಳಿಜಾರು, ತಿರುವು, ಗುಂಡಿ ಮೂರೂ ಸೇರಿದ ಜಾಗದಲ್ಲಿ ಬ್ರೇಕು ಒತ್ತಿದರೆ ಹಗುರಾದ ಹಿಂದಿನ ಚಕ್ರಗಳು ನೆಲ ಬಿಟ್ಟು ಪಕ್ಕಕ್ಕೆ ಜಾರುತ್ತವೆ. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳಿಗೆ ಸರಕು ವಾಹನದ ಹಿಂಭಾಗದಲ್ಲಿ ಜನರನ್ನು ತುಂಬಿಕೊಂಡು ಬೆಟ್ಟ ಹತ್ತುವುದನ್ನು ಈಗಲೂ ಕಾಣುತ್ತೇವೆ. ಇದು ಕಾನೂನಿಗೆ ವಿರುದ್ಧ. ಶಾಕ್ ಸತ್ತ ವಾಹನದಲ್ಲಂತೂ ಮಹಾಪರಾಧವೇ ಸರಿ.

ರೋಗ ಗುರುತಿಸುವ ಕ್ರಮ

ಪೈರಿನ ಎಲೆ ಹಳದಿಯಾದೊಡನೆ ಯೂರಿಯಾ ಚೀಲ ಬಿಚ್ಚುವುದು ಜಾಣತನವಲ್ಲ. ಸಾರಜನಕ ಕಡಿಮೆಯಾಗಿರಬಹುದು, ನೀರು ನಿಂತಿರಬಹುದು, ಬೇರು ಕೊಳೆತಿರಬಹುದು. ಅದೇ ರೀತಿ ವಾಹನ ಕುಲುಕಿದೊಡನೆ ಶಾಕ್ ಹೋಗಿದೆಯೆಂದು ನಿರ್ಧರಿಸಲಾಗದು. ಗಾಳಿ ಹೆಚ್ಚಾದ ಟೈರು, ಮುರಿದ ಸ್ಪ್ರಿಂಗು ಪ್ಲೇಟು, ಸವೆದ ಬುಷ್, ಸಡಿಲವಾದ ಚಕ್ರದ ಬೇರಿಂಗ್ ಇವೂ ಇಂಥದೇ ಲಕ್ಷಣ ತೋರಬಲ್ಲವು. ಆದುದರಿಂದ ಕೆಳಗಿನ ಕ್ರಮದಲ್ಲಿ ಒಂದೊಂದಾಗಿ ಪರೀಕ್ಷಿಸತಕ್ಕದ್ದು.

1. ಟೈರಿನ ಗಾಳಿ: ಟೈರು ತಣ್ಣಗಿರುವಾಗ ಕೈಪಿಡಿಯಲ್ಲಿ ಹೇಳಿದಷ್ಟೇ ಗಾಳಿ ಇರುವಂತೆ ನೋಡಿಕೊಳ್ಳಿ. ಇದಕ್ಕೆ ಖರ್ಚಿಲ್ಲ. ಎಷ್ಟೋ ಕುಲುಕಾಟ ಇಲ್ಲಿಯೇ ನಿಲ್ಲುತ್ತದೆ.

2. ಟೈರಿನ ಮೇಲ್ಮೈ: ಅಂಗೈಯನ್ನು ಟೈರಿನ ಸುತ್ತ ನಿಧಾನವಾಗಿ ಆಡಿಸಿ. ತಂತಿ, ಮುಳ್ಳು ಚುಚ್ಚೀತು, ಎಚ್ಚರ. ಕೈಗೆ ಅಲೆಅಲೆಯಾಗಿ ಹಳ್ಳ ದಿಣ್ಣೆ ಸಿಕ್ಕಿದರೆ ಶಾಕ್ ಬಗ್ಗೆ ಸಂಶಯ ಪಡಬೇಕು. ಒಂದೇ ಅಂಚು ಉದ್ದಕ್ಕೂ ಸವೆದಿದ್ದರೆ ಚಕ್ರದ ಅಲೈನ್‌ಮೆಂಟ್ ತಪ್ಪಿರುವ ಸಂಭವ ಹೆಚ್ಚು. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತೆಂದೂ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಾಗಿತ್ತೆಂದೂ ತಿಳಿಯಬೇಕು.

3. ಎಣ್ಣೆ ಸೋರಿಕೆ: ಸಮನೆಲದಲ್ಲಿ ವಾಹನ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ಶಾಕ್ ಮೈಮೇಲೆ ಧೂಳು ಅಂಟುವಷ್ಟು ತೆಳುವಾದ ಎಣ್ಣೆ ಪಸೆ ಇದ್ದರೆ ಗಾಬರಿ ಬೇಡ. ಪಿಸ್ಟನ್ ಕಡ್ಡಿ ಆಡುವಾಗ ಅಷ್ಟು ಬರುವುದುಂಟು. ಒರೆಸಿ, ಒಂದು ವಾರ ಓಡಿಸಿ ಮತ್ತೆ ನೋಡಿ. ಪುನಃ ಒದ್ದೆಯಾಗಿ ಎಣ್ಣೆ ಕೆಳಗಿನ ತುದಿಯವರೆಗೆ ಹರಿದಿದ್ದರೆ ಸೀಲು ಹೋಗಿದೆ, ಶಾಕ್ ಮುಗಿದಿದೆ. ರಸ್ತೆಯ ಮೇಲೆ ಒಕ್ಕುವ ರಾಗಿ, ಹುರುಳಿಯ ಹುಲ್ಲು ಅಚ್ಚಿಗೂ ಶಾಕಿಗೂ ಸುತ್ತಿಕೊಂಡು ಸೋರಿಕೆಯನ್ನು ಮರೆಮಾಡುತ್ತದೆ. ಅದನ್ನು ಮೊದಲು ಕಿತ್ತು ತೆಗೆಯಬೇಕು. ಬಿಸಿ ಕೊಳವೆಗೆ ತಾಗಿದರೆ ಅದೇ ಹುಲ್ಲು ಬೆಂಕಿಗೂ ಕಾರಣವಾದೀತು.

4. ರಬ್ಬರು ಬುಷ್ ಮತ್ತು ಬೋಲ್ಟು: ಶಾಕಿನ ಎರಡೂ ತುದಿಯಲ್ಲಿ ರಬ್ಬರು ಬುಷ್ ಇರುತ್ತದೆ. ಶಾಕನ್ನು ಕೈಯಿಂದ ಹಿಡಿದು ಅಲುಗಿಸಿ. ಟಕಟಕ ಸದ್ದು ಬಂದರೆ ಬುಷ್ ಸವೆದಿರಬಹುದು, ಬೋಲ್ಟು ಸಡಿಲವಿರಬಹುದು. ಇಷ್ಟೇ ದೋಷವಾದರೆ ಶಾಕ್ ಬದಲಿಸುವ ಅಗತ್ಯವಿಲ್ಲ.

5. ಒತ್ತಿ ಬಿಡುವ ಪರೀಕ್ಷೆ: ಕಾರಿನ ಒಂದು ಮೂಲೆಯನ್ನು ಮೈಭಾರ ಹಾಕಿ ಮೂರು ನಾಲ್ಕು ಬಾರಿ ಒತ್ತಿ, ಕೆಳಗಿರುವಾಗ ಕೈ ಬಿಡಿ. ಕಾರು ಮೇಲೆದ್ದು ತನ್ನ ಜಾಗಕ್ಕೆ ಬಂದು ನಿಂತರೆ ಸರಿ. ಮತ್ತೆ ಎರಡು ಮೂರು ಬಾರಿ ಕುಣಿದರೆ ಆ ಮೂಲೆಯ ಶಾಕ್ ಸತ್ತಿದೆ. ಆದರೆ ಈ ಪರೀಕ್ಷೆಯಲ್ಲಿ ಗೆದ್ದ ಮಾತ್ರಕ್ಕೆ ಶಾಕ್ ಚೆನ್ನಾಗಿದೆಯೆಂದು ಹೇಳಲಾಗದು. ಅರೆಜೀವವಾಗಿರುವ ಶಾಕ್ ಕೂಡ ಇದರಲ್ಲಿ ಪಾರಾಗುವುದುಂಟು.

6. ಸರಕು ವಾಹನಕ್ಕೆ ಉಬ್ಬಿನ ಪರೀಕ್ಷೆ: ಗಟ್ಟಿ ಪ್ಲೇಟು ಸ್ಪ್ರಿಂಗಿನ ವಾಹನವನ್ನು ಕೈಯಿಂದ ಒತ್ತಿದರೆ ಜಗ್ಗುವುದಿಲ್ಲ. ಅಲ್ಲದೆ ಪ್ಲೇಟುಗಳು ಒಂದಕ್ಕೊಂದು ಉಜ್ಜುವುದರಿಂದ ತಾವೇ ಸ್ವಲ್ಪ ಕುಣಿತ ತಡೆಯುತ್ತವೆ. ಶಾಕ್ ಸತ್ತಿರುವುದು ಬೇಗ ತಿಳಿಯುವುದಿಲ್ಲ. ಅಂಥ ವಾಹನವನ್ನು ಸಾಮಾನ್ಯ ಹೊರೆಯೊಡನೆ ಗಂಟೆಗೆ 15ರಿಂದ 20 ಕಿ.ಮೀ. ವೇಗದಲ್ಲಿ ರಸ್ತೆಯುಬ್ಬಿನ ಮೇಲೆ ಓಡಿಸಿ, ಇನ್ನೊಬ್ಬರನ್ನು ಸುರಕ್ಷಿತ ದೂರದಲ್ಲಿ ನಿಲ್ಲಿಸಿ ನೋಡಲು ಹೇಳಬೇಕು. ಉಬ್ಬು ದಾಟಿದೊಡನೆ ಹಿಂಭಾಗ ತಣ್ಣಗಾಗಬೇಕು. ದಾಟಿದ ಮೇಲೂ ಕುಣಿಯುತ್ತ ಹೋದರೆ ಶಾಕ್ ಹೋಗಿದೆಯೆಂದು ತಿಳಿಯಿರಿ.

7. ಬಿಸಿ ನೋಡುವುದು: ಕೆಲಸ ಮಾಡುವ ಶಾಕ್ ಬಿಸಿಯಾಗುತ್ತದೆ. ಒರಟು ರಸ್ತೆಯಲ್ಲಿ 10ರಿಂದ 15 ಕಿ.ಮೀ. ಓಡಿಸಿ ನಿಲ್ಲಿಸಿದ ಕೂಡಲೆ ಎಡ ಬಲದ ಶಾಕ್‌ಗಳ ಮೈಯನ್ನು ಬೆರಳಿನ ಹಿಂಬದಿಯಿಂದ ತಾಗಿಸಿ ಹೋಲಿಸಿ. ಒಂದು ಬೆಚ್ಚಗಿದ್ದು ಇನ್ನೊಂದು ತಣ್ಣಗಿದ್ದರೆ ತಣ್ಣಗಿರುವುದು ಕೆಲಸಗಳ್ಳ. ಹೊಗೆ ಕೊಳವೆ ಮತ್ತು ಬ್ರೇಕ್ ಡ್ರಮ್ಮು ಸುಡುತ್ತಿರುತ್ತವೆ; ಅವುಗಳಿಗೆ ಕೈ ತಾಗಿಸಕೂಡದು.

ಎಷ್ಟು ಕಾಲ ಬಾಳಿಕೆ?

ಒಳ್ಳೆಯ ಡಾಂಬರು ರಸ್ತೆಯಲ್ಲಿ ಓಡುವ ಕಾರಿನ ಶಾಕ್ ಸುಮಾರು 80 ಸಾವಿರ ಕಿ.ಮೀ.ವರೆಗೆ ಬಾಳುವುದು ವಾಡಿಕೆ. ನಮ್ಮ ಹೊಲದ ದಾರಿ, ಗುಂಡಿ, ಧೂಳು ಮತ್ತು ಹೆಚ್ಚಿನ ಹೊರೆಯಲ್ಲಿ ಅದಕ್ಕಿಂತ ಎಷ್ಟೋ ಮೊದಲೇ ಸಾಯಬಹುದು. ಆದುದರಿಂದ ಕಿಲೋಮೀಟರ್ ಲೆಕ್ಕವನ್ನೇ ನಂಬದೆ 20 ಸಾವಿರ ಕಿ.ಮೀ.ಗೊಮ್ಮೆ, ಅಥವಾ ವರ್ಷಕ್ಕೆ ಎರಡು ಸಲ ಪರೀಕ್ಷಿಸುವುದು ಲೇಸು. ಶಾಕ್ ಒಂದೇ ದಿನದಲ್ಲಿ ಸಾಯುವುದು ಅಪರೂಪ. ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಸಾಯುತ್ತದೆ; ಚಾಲಕನ ಕೈ ಅದಕ್ಕೆ ಒಗ್ಗಿಹೋಗುತ್ತದೆ. ಇದೇ ಕಾರಣದಿಂದ ದಿನವೂ ಓಡಿಸುವವನಿಗಿಂತ ಅಪರೂಪಕ್ಕೆ ಹತ್ತಿದ ನೆಂಟನಿಗೆ ದೋಷ ಬೇಗ ತಿಳಿಯುತ್ತದೆ.

ಪ್ಲೇಟು ಸೇರಿಸುವುದು ಪರಿಹಾರವಲ್ಲ

ಯಳಂದೂರಿನ ಬಳಿ ಬಾಳೆ ಬೆಳೆಗಾರರೊಬ್ಬರು ತಮ್ಮ ವಾಹನದ ಹಿಂಭಾಗಕ್ಕೆ ಎರಡು ಪ್ಲೇಟು ಹೆಚ್ಚಾಗಿ ಹಾಕಿಸಿದ್ದರು. "ಮಾಲು ಜಾಸ್ತಿ ಹಾಕ್ತೀವಿ ಸಾ, ಕುಣೀತಿತ್ತು, ಅದ್ಕೇ ಹಾಕಿಸ್ದೆ" ಎಂದರು. ಹಾಕಿಸಿದ ಮೇಲೆ ವಾಹನ ತಗ್ಗುವುದು ನಿಂತಿತು. ಗೊನೆ ಕಪ್ಪಾಗುವುದು ನಿಲ್ಲಲಿಲ್ಲ. ಏಕೆಂದರೆ ಸ್ಪ್ರಿಂಗು ಗಟ್ಟಿಯಾದಷ್ಟೂ ಅದರ ಪುಟಿತ ಜೋರಾಗುತ್ತದೆ. ಅದನ್ನು ಹಿಡಿಯಲು ಶಾಕಿಗೆ ಇನ್ನೂ ಹೆಚ್ಚು ಬಲ ಬೇಕು. ಅಲ್ಲಿ ಇದ್ದ ಶಾಕ್‌ಗಳೋ ಎರಡೂ ಸೋರಿಹೋಗಿದ್ದವು. ಖಾಲಿ ಮರಳುವಾಗಲಂತೂ ವಾಹನದ ಹಿಂಭಾಗ ಕಲ್ಲಿನಂತಾಗಿ ಚಕ್ರಗಳು ನೆಲ ಬಿಟ್ಟು ಹಾರುತ್ತಿದ್ದವು. ಅವರು ಹೆಚ್ಚಿನ ಪ್ಲೇಟುಗಳನ್ನು ತೆಗೆಸಿ, ಒಂದು ಜೋಡಿ ಹೊಸ ಶಾಕ್ ಹಾಕಿಸಿ, ಹೊರೆಯನ್ನು ನೋಂದಣಿ ಪತ್ರದಲ್ಲಿರುವಷ್ಟಕ್ಕೆ ಇಳಿಸಿದ ಮೇಲೆ ಗೊನೆಗಳು ಉಳಿದವು. ಹಿಂಭಾಗದ ಒಂದು ಜೋಡಿ ಶಾಕಿನ ಬೆಲೆ ಸಾಮಾನ್ಯವಾಗಿ ಒಂದು ಜೋಡಿ ಹೊಸ ಟೈರಿನ ಬೆಲೆಗಿಂತ ಕಡಿಮೆಯೇ ಎಂಬುದನ್ನು ಗಮನಿಸಬೇಕು.

ಜೋಡಿಯಾಗಿಯೇ ಬದಲಿಸಬೇಕು

ಒಂದು ಶಾಕ್ ಮಾತ್ರ ಹೋಗಿದೆ, ಇನ್ನೊಂದು ಇರಲಿ ಎಂದು ಉಳಿಸುವುದು ತಪ್ಪು ಲೆಕ್ಕ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಯಂತೆ, ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಸಡಿಲವಾದರೆ ಬ್ರೇಕು ಒತ್ತಿದಾಗ, ತಿರುವಿನಲ್ಲಿ ವಾಹನ ಒಂದು ಕಡೆಗೆ ಎಳೆಯುತ್ತದೆ. ಮುಂದಿನದಾದರೆ ಮುಂದಿನ ಎರಡನ್ನೂ, ಹಿಂದಿನದಾದರೆ ಹಿಂದಿನ ಎರಡನ್ನೂ, ಒಂದೇ ಕಂಪನಿಯ ಒಂದೇ ಮಾದರಿಯದನ್ನು ಹಾಕಬೇಕು. ಸೋರಿದ ಶಾಕಿಗೆ ತೂತು ಕೊರೆದು ಎಣ್ಣೆ ತುಂಬಿ ಬೆಸುಗೆ ಹಾಕಿ ಹೊಸದರಂತೆ ಬಣ್ಣ ಬಳಿದು ಮಾರುವುದುಂಟು. ಅಂಥದಕ್ಕೆ ಮರುಳಾಗದೆ ರಸೀದಿ ಸಹಿತ ಹೊಸದನ್ನೇ ಕೊಳ್ಳಬೇಕು.

ಹಿಂಭಾಗದ ಸಾಮಾನ್ಯ ಶಾಕ್ ಬದಲಿಸುವ ವಿಧಾನ

ಪ್ಲೇಟು ಸ್ಪ್ರಿಂಗಿನ ವಾಹನದಲ್ಲಿ ಕೈ ಪಳಗಿದ ರೈತ ಈ ಕೆಲಸವನ್ನು ಮನೆಯಲ್ಲಿಯೇ ಮಾಡಿಕೊಳ್ಳಬಹುದು.

1. ಹೊರೆ ಇಳಿಸಿ, ವಾಹನವನ್ನು ಗಟ್ಟಿಯಾದ ಸಮನೆಲದಲ್ಲಿ ನಿಲ್ಲಿಸಿ. ಗೇರು ಹಾಕಿ, ಮುಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಕೊರಡು ಕೊಡಿ. ಉತ್ತ ಹೊಲ, ಹಸಿ ಮಣ್ಣು ಇದಕ್ಕೆ ಆಗದು.

2. ಬೋಲ್ಟುಗಳ ಮೇಲಿನ ಮಣ್ಣು ತೆಗೆದು ತುಕ್ಕು ಬಿಡಿಸುವ ಎಣ್ಣೆಯನ್ನು ಹಿಂದಿನ ಸಂಜೆಯೇ ಹಾಕಿಡಿ. ಬ್ರೇಕಿಗೆ ಎಣ್ಣೆ ತಾಗದಂತೆ ನೋಡಿಕೊಳ್ಳಿ.

3. ಜಾಕಿನಿಂದ ಎತ್ತಿ, ಚಾಸಿಯ ಕೆಳಗೆ ಗಟ್ಟಿಯಾದ ಸ್ಟ್ಯಾಂಡುಗಳನ್ನು ಕೊಡಿ. ಜಾಕೊಂದನ್ನೇ ನಂಬಿ ವಾಹನದ ಅಡಿಗೆ ಹೋಗಲೇಕೂಡದು. ಇಟ್ಟಿಗೆ, ಹೆಂಚು ಜೋಡಿಸುವುದು ಪ್ರಾಣಕ್ಕೆ ಎರವಾಗುತ್ತದೆ.

4. ಅಚ್ಚಿನ ಕೆಳಗೆ ಜಾಕು ಕೊಟ್ಟು ಸ್ವಲ್ಪವೇ ಎತ್ತಿ ಹಿಡಿಯಿರಿ. ಆಗ ಶಾಕಿನ ಮೇಲಿನ ಎಳೆತ ತಗ್ಗಿ ಬೋಲ್ಟು ಸುಲಭವಾಗಿ ಬರುತ್ತದೆ. ಹಿಂದೆ ಸುರುಳಿ ಸ್ಪ್ರಿಂಗಿರುವ ಕಾರಿನಲ್ಲಿ ಇದು ಕಡ್ಡಾಯ. ಇಲ್ಲವಾದರೆ ಶಾಕ್ ಬಿಚ್ಚಿದೊಡನೆ ಅಚ್ಚು ಕೆಳಗೆ ಜಾರಿ ಸ್ಪ್ರಿಂಗು ಕಳಚೀತು, ಬ್ರೇಕಿನ ಕೊಳವೆ ಹರಿದೀತು.

5. ಕೆಳಗಿನ ಬೋಲ್ಟು, ಮೇಲಿನ ಬೋಲ್ಟು ಬಿಚ್ಚಿ ಹಳೆಯದನ್ನು ತೆಗೆಯಿರಿ. ವಾಷರು, ಬುಷ್ ಯಾವ ಅನುಕ್ರಮದಲ್ಲಿದ್ದವೆಂಬುದನ್ನು ನೋಡಿಟ್ಟುಕೊಳ್ಳಿ. ಎರಡೂ ಕಡೆಯನ್ನು ಒಟ್ಟಿಗೆ ಬಿಚ್ಚಬೇಡಿ. ಒಂದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಿ.

6. ಹೊಸ ಶಾಕ್ ಅಂಗಡಿಯಲ್ಲಿ ಅಡ್ಡಡ್ಡ ಮಲಗಿರುವುದರಿಂದ ಎಣ್ಣೆಯಲ್ಲಿ ಗಾಳಿ ಸೇರಿರಬಹುದು. ಅದನ್ನು ಹೂಡುವ ನಿಲುವಿನಲ್ಲಿ ನೆಟ್ಟಗೆ ಹಿಡಿದು ಪೂರ್ತಿ ಎಳೆಯಿರಿ. ಎಳೆದಂತೆಯೇ ತಲೆಕೆಳಗು ಮಾಡಿ ನಿಧಾನವಾಗಿ ಒತ್ತಿರಿ. ಹೀಗೆ ನಾಲ್ಕೈದು ಬಾರಿ ಮಾಡಿದರೆ ಒತ್ತುವಾಗ, ಎಳೆಯುವಾಗ ಎಲ್ಲಿಯೂ ಪೊಳ್ಳುತನವಿಲ್ಲದೆ ಸಮನಾದ ತಡೆ ಬರುತ್ತದೆ. ಹೊಳೆಯುವ ಪಿಸ್ಟನ್ ಕಡ್ಡಿಯನ್ನು ಇಕ್ಕಳದಿಂದ ಹಿಡಿಯಬಾರದು. ಕೂದಲೆಳೆಯಷ್ಟು ಗೀರು ಬಿದ್ದರೂ ಅದು ಸೀಲನ್ನು ಹರಿದು ಹೊಸ ಶಾಕನ್ನೇ ಸೋರಿಸುತ್ತದೆ.

7. ಹೊಸದನ್ನು ಹೂಡಿ ಬೋಲ್ಟುಗಳನ್ನು ಕೈಯಿಂದ ಹಿಡಿಸಿ. ವಾಹನವನ್ನು ಇಳಿಸಿ, ಭಾರ ಚಕ್ರದ ಮೇಲೆ ಬಂದ ಬಳಿಕವೇ ಕೊನೆಯ ಬಿಗಿ ಕೊಡಬೇಕು. ಚಕ್ರ ತೂಗುತ್ತಿರುವಾಗ ಬಿಗಿದರೆ ಇಳಿಸಿದೊಡನೆ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಬಿಗಿಯ ಪ್ರಮಾಣ ಕೈಪಿಡಿಯಲ್ಲಿರುತ್ತದೆ. 100 ಕಿ.ಮೀ. ಓಡಿಸಿ ಮತ್ತೊಮ್ಮೆ ಪರೀಕ್ಷಿಸಿ.

ಸ್ಟ್ರಟ್ ವಿಷಯದಲ್ಲಿ ಎಚ್ಚರಿಕೆ

ಸ್ಟ್ರಟ್ ಬದಲಿಸುವ ಕೆಲಸವನ್ನು ಮನೆಯಲ್ಲಿ ಮಾಡಬೇಡಿರೆಂದು ಒತ್ತಿ ಹೇಳಬೇಕಾಗಿದೆ. ಸ್ಟ್ರಟ್‌ನ ಸುರುಳಿ ಸ್ಪ್ರಿಂಗು ಸದಾ ಅದುಮಿಕೊಂಡೇ ಇರುತ್ತದೆ. ಅದನ್ನು ತಡೆದಿರುವುದು ತುದಿಯ ನಟ್ಟ ನಡುವಿನ ಒಂದು ನಟ್ಟು. ಸ್ಪ್ರಿಂಗನ್ನು ತಕ್ಕ ಸಾಧನದಿಂದ ಅದುಮಿ ಹಿಡಿಯದೆ ಆ ನಟ್ಟು ಬಿಚ್ಚಿದರೆ ಸ್ಪ್ರಿಂಗು ಗುಂಡಿನಂತೆ ಹಾರಿ ಮುಖ, ಕೈ ಒಡೆಯುತ್ತದೆ. ಹಗ್ಗ, ತಂತಿ ಸುತ್ತಿ ಬಿಚ್ಚುವ ಸಾಹಸ ಬೇಡ.

ಮೆಕ್ಯಾನಿಕ್ ಬಳಿ ಮಾಡಿಸುವಾಗ ರೈತರು ಈ ಅಂಶಗಳನ್ನು ಗಮನಿಸಬೇಕು: ಸ್ಪ್ರಿಂಗು ಅದುಮುವ ಸಾಧನ ಅವರಲ್ಲಿದೆಯೇ? ಮೇಲ್ತುದಿಯ ರಬ್ಬರು ಮತ್ತು ಬೇರಿಂಗ್, ಪೆಟ್ಟು ತಡೆಯುವ ರಬ್ಬರು ಮುದ್ದೆ, ಧೂಳುಗವಚ ಇವು ಹಾಳಾಗಿದ್ದರೆ ಜೊತೆಯಲ್ಲಿಯೇ ಬದಲಾದವೇ? ಬ್ರೇಕಿನ ಭಾಗವನ್ನು ಅದರ ರಬ್ಬರು ಕೊಳವೆಯ ಮೇಲೆ ಜೋತುಬಿಟ್ಟಿಲ್ಲ ತಾನೆ? ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮಾಡಿಸಿದರೆ? ಕೊನೆಯದನ್ನು ಬಿಟ್ಟರೆ ಹೊಸ ಸ್ಟ್ರಟ್ ಇದ್ದೂ ಟೈರು ತಿಂಗಳುಗಳಲ್ಲಿ ಸವೆಯುತ್ತದೆ.

ತೆಗೆದ ಹಳೆಯ ಶಾಕ್‌ಗಳನ್ನು ಬೆಂಕಿಗೆ ಹಾಕುವುದಾಗಲಿ, ಗ್ಯಾಸ್ ಕಟರ್‌ನಿಂದ ಕತ್ತರಿಸುವುದಾಗಲಿ ಸಲ್ಲದು. ಹೊಸ ಮಾದರಿಯ ಅನೇಕ ಶಾಕ್‌ಗಳಲ್ಲಿ ಎಣ್ಣೆಯ ಜೊತೆಗೆ ಒತ್ತಡದ ಅನಿಲವಿರುತ್ತದೆ, ಕಾಯಿಸಿದರೆ ಸಿಡಿಯುತ್ತದೆ. ಸೋರುವ ಎಣ್ಣೆಯನ್ನು ಬಾವಿಯ ಬಳಿ, ಕಾಲುವೆಯಲ್ಲಿ ಚೆಲ್ಲಬಾರದು.

ಬೇಸಾಯದ ಪಂಚಾಂಗದೊಡನೆ

ನಮ್ಮಲ್ಲಿ ಮುಂಗಾರಿಗೆ ಮುನ್ನ ನೇಗಿಲು, ಕುಂಟೆ ಸರಿಮಾಡಿಕೊಳ್ಳುವ ಪದ್ಧತಿಯಿದೆ. ವಾಹನದ ಶಾಕ್, ಬುಷ್, ಟೈರು ನೋಡುವುದನ್ನೂ ಅದೇ ವಾರ ಇಟ್ಟುಕೊಳ್ಳಬಹುದು. ಒದ್ದೆ ರಸ್ತೆಯಲ್ಲಿ ಚಕ್ರ ನೆಲ ಹಿಡಿಯಬೇಕಾದ ಕಾಲವದು. ಎರಡನೆಯ ಸಲ ಸುಗ್ಗಿಗೆ ಮುನ್ನ ನೋಡಬೇಕು; ಮಾಲು ಹೊರುವ ಕಾಲವದು, ರಸ್ತೆಯ ಮೇಲೆ ಹುಲ್ಲೂ ಜನರೂ ಇರುವ ಕಾಲವೂ ಹೌದು. ಬೆಳೆಯನ್ನು ರಸ್ತೆಯಲ್ಲಿ ಒಕ್ಕದೆ ಕಣದಲ್ಲಿ ಒಕ್ಕುವುದು ಎಲ್ಲರಿಗೂ ಕ್ಷೇಮ ಎಂಬುದನ್ನು ಇಲ್ಲಿಯೇ ಹೇಳಬಯಸುತ್ತೇನೆ.

ರೈತ ಬಾಂಧವರು ಮುಂದಿನ ಸಲ ಮಾಲು ತುಂಬುವ ಮೊದಲು ಖಾಲಿ ವಾಹನದ ಹಿಂದೆ ಒಮ್ಮೆ ಬಗ್ಗಿ ಎರಡೂ ಶಾಕ್‌ಗಳನ್ನು ನೋಡಬೇಕು, ನಾಲ್ಕೂ ಟೈರಿನ ಮೇಲೆ ಅಂಗೈ ಆಡಿಸಬೇಕು. ಇದಕ್ಕೆ ಹತ್ತು ನಿಮಿಷ ಸಾಕು. ಸೋರಿಕೆಯೋ, ಹಳ್ಳ ದಿಣ್ಣೆಯೋ ಕಂಡುಬಂದರೆ ಆ ವಾರವೇ ಜೋಡಿ ಶಾಕ್ ಬದಲಿಸುವುದು ಒಳಿತು. ಅದುವರೆಗೆ ಹೊರೆ ತಗ್ಗಿಸಿ ನಿಧಾನವಾಗಿ ಓಡಿಸಬೇಕು. ಘಟ್ಟದ ದಾರಿಗೆ ಹೋಗಕೂಡದು.